“ಇನ್ನೊಂದ್ಸಲ ನಡಿ ಮೋಳೇ”

“ಇನ್ನೊಂದ್ಸಲ ನಡಿ ಮೋಳೇ. ಈ ಸಲ ಬೀಳೋ ಥರ ಸ್ವಲ್ಪ ಓಲಾಡು. ಆಮೇಲೆ ಕುದುರೆ ಹತ್ತು. ನೋಡಿದವರ ಕಣ್ಣಲ್ಲಿ ನೀರು ಬರಬೇಕು!”

ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಅಂಕಲ್ ‘ಮೋಳೇ’, ಅಂದರೆ ಮಗಳೇ, ಎನ್ನುತ್ತ ಮಲಯಾಳಂನಲ್ಲಿ ಹೇಳಿದ ಈ ಮಾತು ಕೇಳಿ ನಿಖಿತಾಳ ಕಿವಿ ಬಿಸಿಯಾಯಿತು.

ಅಪ್ಪನ ಬ್ಯಾಂಕ್ ಕೆಲಸಕ್ಕೆಂದು ಮೈಸೂರಿನಿಂದ ಕೊಚ್ಚಿಗೆ ಬಂದ ಮೇಲೆ, ಪ್ರತಿ ಶನಿವಾರ ಅಮ್ಮ ಅವಳನ್ನು ಆಲುವದ ಈ ಕುದುರೆ ಲಾಯಕ್ಕೆ ಕರೆತರುತ್ತಿದ್ದಳು. ಹುಟ್ಟಿದಾಗಿನಿಂದ ನಿಖಿತಾಳ ಕಾಲುಗಳು ಬಿಗಿ. ಮುತ್ತು ಎಂಬ ಕಂದು ಕುದುರೆಯ ಮೇಲೆ ಕೂತು ಸುತ್ತು ಹಾಕಿದರೆ ಆ ಬಿಗಿ ಮೆಲ್ಲಗೆ ಸಡಿಲವಾಗುತ್ತಿತ್ತು. ಇಲ್ಲಿ ಯಾರೂ ಅವಳನ್ನು ‘ಅಯ್ಯೋ ಪಾಪ’ ಅನ್ನುತ್ತಿರಲಿಲ್ಲ.

“ಆಗಲೇ ನಡೆದೆನಲ್ಲ ಅಂಕಲ್!”

“ಆಗ ತುಂಬಾ ಚೆನ್ನಾಗಿ ನಡೆದುಬಿಟ್ಟೆ,” ಅಂಕಲ್ ನಕ್ಕರು.

ಚೆನ್ನಾಗಿ ನಡೆದದ್ದೇ ತಪ್ಪಂತೆ! ಅಷ್ಟು ನಡೆಯಲು ಅವಳು ಎಷ್ಟು ಸಲ ಬಿದ್ದಿದ್ದಳು, ಮೊಣಕಾಲು ಎಷ್ಟು ಸಲ ತರಚಿತ್ತು!

ಅಮ್ಮ ಹತ್ತಿರ ಬಂದು ಪಿಸುಗುಟ್ಟಿದಳು. “ಪುಟ್ಟಿ, ಒಂದೇ ಒಂದ್ಸಲ ಮಾಡಿಬಿಡು. ಇವರ ಕಂಪನಿ ಕೊಡೋ ದುಡ್ಡಿನಿಂದಾನೇ ಈ ಜಾಗ ನಡೀತಿರೋದು, ಅದನ್ನ ಎಲ್ಲರಿಗೂ ತೋರಿಸೋಕೇ ಈ ವಿಡಿಯೋ.”

“ಅಮ್ಮಾ, ನೀನೂ ಹೀಗಂತೀಯಾ? ನಾಟ್ ಫೇರ್!”

ನಿಖಿತಾ ಧುಮುಗುಟ್ಟುತ್ತ ಮುತ್ತುವಿನ ಕಡೆ ಹೊರಟೇಬಿಟ್ಟಳು. ತರಬೇತಿ ಕೊಡುವ ಸುಮಿತ್ರ ಚೇಚಿ, ಅಂದರೆ ಸುಮಿತ್ರ ಅಕ್ಕ, ಅವಳನ್ನು ಹತ್ತಿಸಿದರು. ಅಂಕಲ್ ಫೋನ್ ಎತ್ತಿಕೊಂಡು ಹಿಂದೆಯೇ ಬಂದರು. ಮುತ್ತು ಕಿವಿ ಹಿಂದಕ್ಕೆ ಮಡಚಿತೇ ಹೊರತು ಹೆಜ್ಜೆ ಎತ್ತಲಿಲ್ಲ.

“ಇವನಿಗೇನಾಯ್ತು ಚೇಚಿ?”

“ನೀನು ಕಲ್ಲಿನ ಹಾಗೆ ಕೂತಿದ್ದೀಯಲ್ಲ, ಅವನಿಗೂ ಗೊತ್ತಾಗುತ್ತೆ. ಏನು ಹೇಳಬೇಕೋ ಹೇಳಿಬಿಡು.”

ನಿಖಿತಾ ಮೇಲಿನಿಂದಲೇ ಅಂಕಲ್‌ರನ್ನು ನೋಡಿದಳು. “ನಾನು ಬೀಳೋ ಥರ ನಡೆಯಲ್ಲ. ನನ್ನ ವಿಡಿಯೋ ತೆಗೀಬೇಡಿ. ತೆಗೆದಿರೋದನ್ನೂ ಡಿಲೀಟ್ ಮಾಡಿ!”

“ಅಬ್ಬಾ, ಇಷ್ಟುದ್ದದ ಹುಡುಗಿಗೆ ಎಷ್ಟು ಕೋಪ!” ಅಂಕಲ್ ಮತ್ತೆ ಫೋನ್ ಎತ್ತಿದರು.

ಥಟ್ಟನೆ ಅಮ್ಮನ ಅಂಗೈ ಫೋನಿಗೆ ಅಡ್ಡ ಬಂತು. “ವೇಂಡ ಸಾರ್, ವೇಂಡ.” ಹರಕುಮುರುಕು ಮಲಯಾಳಂನಲ್ಲೇ ಅಮ್ಮ ಗಟ್ಟಿಯಾಗಿ ಹೇಳಿದಳು. “ಮಗಳು ಬೇಡ ಅಂದಳಲ್ಲ. ಡಿಲೀಟ್ ಮಾಡಿ.”

ಅಂಕಲ್ ಮುಖ ಸಿಂಡರಿಸಿಕೊಂಡು ವಿಡಿಯೋ ಅಳಿಸಿದರು. ಚೇಚಿ ಇಣುಕಿ ನೋಡಿ ಖಾತ್ರಿ ಮಾಡಿಕೊಂಡರು. “ನಿಮ್ಮ ಮೇಲಿನವರ ಹತ್ತಿರವೇ ಮಾತಾಡ್ತೀನಿ,” ಎಂದು ಚೇಚಿಗೆ ಹೇಳುತ್ತ ಅಂಕಲ್ ಕಾರಿನತ್ತ ಹೋದರು.

ಮುತ್ತು ನಿಧಾನವಾಗಿ ನಡೆಯತೊಡಗಿತು. ಅಮ್ಮ ನಿಖಿತಾಳ ಕಾಲಿನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಬಂದಳು. ಅವಳ ಕಣ್ಣು ಮತ್ತೆ ಮತ್ತೆ ಅಂಕಲ್‌ರ ಕಾರಿನ ಕಡೆಗೇ ಹೊರಳುತ್ತಿತ್ತು.

“ಅಮ್ಮಾ, ನಿಂಗೆ ಭಯ ಆಯ್ತಾ?”

“ಹೂಂ ಪುಟ್ಟಿ. ನಿನ್ನ ಕ್ಲಾಸ್ ಎಲ್ಲಿ ನಿಲ್ಲಿಸಿಬಿಡ್ತಾರೋ ಅಂತ.”

ಅಂಕಲ್ ಮೇಲಿನ ಸಿಟ್ಟು ಹಾಗೇ ಇತ್ತು. ಅಮ್ಮನ ಮೇಲಿದ್ದ ಸಿಟ್ಟು ಮಾತ್ರ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ನಿಖಿತಾ ಲಗಾಮಿನಿಂದ ಒಂದು ಕೈ ಬಿಡಿಸಿ, ಅಮ್ಮನ ಕೈಯ ಮೇಲಿಟ್ಟಳು.