ಲಕೋಟೆಗೆ ಹೋಗಬೇಕಿದ್ದ ಬಡ್ತಿ

ಸುಮಂಗಲಾಳಿಗೆ ಬಡ್ತಿ ಸಿಗಲಿದೆ ಎಂದು ಕೇಳಿದ ದಿನ ರವಿಕಾಂತನ ಹೊಟ್ಟೆಯಲ್ಲಿ ಎದ್ದ ಉರಿಯಿಂದ ವಾಳೂಜಿನ ಅಷ್ಟೂ ಕಾರ್ಖಾನೆಗಳ ಕುಲುಮೆ ಹೊತ್ತಿಸಬಹುದಿತ್ತು. ಅವನು ಬೀದರಿನಿಂದ ಬಂದು ಸಂಭಾಜಿನಗರದ ಈ ಸರ್ಕಾರಿ ನಿಗಮ ಸೇರಿ ಹದಿನೆಂಟು ವರ್ಷವಾಗಿತ್ತು. ಸಿಬ್ಬಂದಿ ವಿಭಾಗದಲ್ಲಿ ಅವನಿಗೆ ತಿಳಿಯದ ನಿಯಮವನ್ನು ಇನ್ನೂ ಯಾವ ಸರ್ಕಾರವೂ ಬರೆದಿರಲಿಲ್ಲ. ಕಲಬುರಗಿಯ ಸುಮಂಗಲಾ ಸೇರಿದ್ದು ಅವನಿಗಿಂತ ಎರಡು ವರ್ಷ ತಡವಾಗಿ. ಆದರೂ ಬಡ್ತಿ ಪಟ್ಟಿಯಲ್ಲಿ ಮೊದಲು ಅವಳು, ಆಮೇಲೆ ಇವನು. ಖಾಲಿ ಇದ್ದದ್ದು ಅಧೀಕ್ಷಕರ ಒಂದೇ ಕುರ್ಚಿ.

“ಆರ್ಡರ್ ಬರಲಿ ಅಣ್ಣಾ, ಮೊದಲನೇ ಪೇಢಾ ನಿಮಗರಿ,” ಅಂದಳು ಅವಳು.

“ನನಗ ಶುಗರ್ ಅದರಿ,” ಅಂದ ರವಿಕಾಂತ. ಅಲ್ಲಿಯವರೆಗೆ ಅವನಿಗೆ ನೆಗಡಿಯೂ ಆಗಿರಲಿಲ್ಲ.

ಅವನ ಉಪಾಯಕ್ಕೆ ಕತ್ತಿ ಬೇಡ, ವಿಷ ಬೇಡ, ಒಂದು ಹಾಳೆ ಸಾಕು. ಇಲಾಖಾ ವಿಚಾರಣೆ ಬಾಕಿ ಇರುವವರ ಬಡ್ತಿಯ ತೀರ್ಮಾನವನ್ನು ಲಕೋಟೆಗೆ ಹಾಕಿ ಅರಗು ಒತ್ತಿ ಇಡುತ್ತಾರೆ. ವಿಚಾರಣೆ ಮುಗಿಯುವವರೆಗೆ ಕುರ್ಚಿ ಪಟ್ಟಿಯ ಮುಂದಿನವರಿಗೆ. ಸರ್ಕಾರಿ ವಿಚಾರಣೆ ಮುಗಿಯುವುದರೊಳಗೆ ಗೋದಾವರಿ ಎರಡು ಸಲ ದಿಕ್ಕು ಬದಲಿಸಿರುತ್ತದೆ.

ಅವನು 2019ರ ಒಂದು ಆರೋಪಪಟ್ಟಿ ಸೃಷ್ಟಿಸಿದ. ಅನುಕಂಪದ ನೌಕರಿ ಕೇಳಿ ವಿಧವೆಯೊಬ್ಬಳು ಹಾಕಿದ ಅರ್ಜಿಯನ್ನು ಸುಮಂಗಲಾ ಮುಚ್ಚಿಟ್ಟಳು ಎಂಬುದು ಆರೋಪ. ಊರಿನ ಹೆಸರು ಬದಲಾಗಿದ್ದನ್ನು ಮರೆಯಲು ಅವನೇನು ಹಸುಗೂಸೇ? ಔರಂಗಾಬಾದ್ ಎಂದು ಅಚ್ಚಾಗಿದ್ದ ಹಳೆಯ ಹಾಳೆಯನ್ನೇ ಉಗ್ರಾಣದಿಂದ ಹುಡುಕಿ ತೆಗೆದ. ಸಹಿ ಆಗಿನ ಸಾಹೇಬರದು, ಅವರು ತೀರಿಹೋಗಿದ್ದರು. ಕಾಗದ ತಲುಪಿಸಲು ಹೋದವನೆಂದು ಬರೆದದ್ದು ಜವಾನ ಗೊಲ್ಲಾಳಪ್ಪನ ಹೆಸರು, ಅವನೂ ತೀರಿಹೋಗಿದ್ದ. ಸತ್ತವರಷ್ಟು ಬಾಯಿಬಿಗಿ ಇರುವ ನೌಕರರು ಯಾವ ಇಲಾಖೆಯಲ್ಲೂ ಸಿಗುವುದಿಲ್ಲ.

ತಾರೀಕು ಜೂನ್ 18. ಕ್ಯಾಲೆಂಡರ್ ನೋಡಿದ: ಮಂಗಳವಾರ, ರಜೆಯಲ್ಲ. ಹಾಜರಿ ಪುಸ್ತಕ ನೋಡಿದ: ಸುಮಂಗಲಾ ಹಾಜರು, ಸಾಹೇಬರು ಹಾಜರು, ಗೊಲ್ಲಾಳಪ್ಪ ಹಾಜರು, ತಾನೂ ಹಾಜರು. “ನೌಕರರು ಪ್ರತಿ ಸ್ವೀಕರಿಸಲು ನಿರಾಕರಿಸಿದರು” ಎಂದು ಕೆಳಗೆ ಬರೆದ. ಅದಕ್ಕೊಬ್ಬ ಬದುಕಿರುವ ಸಾಕ್ಷಿ ಬೇಕಿತ್ತು. ನಂಬಬಹುದಾದವನು ಮೂರು ಲೋಕದಲ್ಲೂ ಒಬ್ಬನೇ ಕಂಡ. ರವಿಕಾಂತ ತನ್ನ ಸಹಿಯನ್ನೇ ಹಾಕಿದ. ಹಾಳೆಯನ್ನು ನಾಲ್ಕು ದಿನ ಚಹಾದ ಆವಿಗೆ ಹಿಡಿದು, ಹಳೆಯ ಕಟ್ಟೊಂದರಲ್ಲಿ ಸೇರಿಸಿ, ವಾರದ ಮೇಲೆ ತಾನೇ ಅದನ್ನು “ಪತ್ತೆ” ಮಾಡಿ, ಭಾರವಾದ ಮನಸ್ಸಿನ ಟಿಪ್ಪಣಿಯೊಂದಿಗೆ ನಾಸಿಕದ ಮುಖ್ಯ ಕಚೇರಿಗೆ ಕಳಿಸಿದ.

ಬಡ್ತಿ ಸಮಿತಿ ಇಬ್ಬರನ್ನೂ ನಾಸಿಕಕ್ಕೆ ಕರೆಸಿತು. ಅಧ್ಯಕ್ಷೆ ಅಂಬುಜಾ ಮೇಡಂ ಸೊಲ್ಲಾಪುರದವರು, ಕನ್ನಡ ಬಲ್ಲವರು. ಮೇಜಿನ ಮೇಲೆ ಅರಗಿನ ಕಡ್ಡಿಯೂ ಸಿದ್ಧವಿತ್ತು. ಅದನ್ನು ನೋಡಿ ರವಿಕಾಂತನಿಗೆ ಬಂದ ಸಂತೋಷ ಮದುವೆಯ ದಿನವೂ ಬಂದಿರಲಿಲ್ಲ.

“ನೀವು ಖುದ್ದ ನೋಡೀರಿ?” ಕೇಳಿದರು ಮೇಡಂ.

“ನನ್ನ ಕಣ್ಣಮುಂದೇ ಆಗ್ಯದರಿ ಮೇಡಂ. ಬೆಳಿಗ್ಗೆ ಹನ್ನೊಂದಕ್ಕ, ನಮ್ಮ ಆಫೀಸಿನಾಗೇ. ನಾನೇ ಹೇಳಿದೆ, ಅಕ್ಕಾ, ತಗೋರಿ ಅಂತ. ಇವರು ಕೈ ಸುದ್ದಾ ಚಾಚಲಿಲ್ಲ.”

ಅವನ ಕಣ್ಣಲ್ಲಿ ಒಂದು ಹನಿ ನೀರೂ ಬಂತು. ಹೇಳಿಕೆ ಬರೆದುಕೊಂಡರು, ಕೆಳಗೆ ಸಹಿ ಮಾಡಿಸಿಕೊಂಡರು.

ಸುಮಂಗಲಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ತಾರೀಕು ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಸಿಟ್ಟಿಲ್ಲದೆ, ಊರಿನ ಸುದ್ದಿ ಹೇಳುವವಳಂತೆ ಅಂದಳು: “ಅಣ್ಣಾ, ಅವತ್ತು ಹನ್ನೊಂದಕ್ಕ ನಾವಿಬ್ಬರೂ ಇದೇ ನಾಸಿಕದಾಗ ಮರಾಠಿ ಭಾಷಾ ಪರೀಕ್ಷಾ ಬರೀಲಿಕ್ಕ ಹತ್ತಿದ್ದೆವಲ್ಲರಿ. ನೀವು ನನ್ನ ಹಿಂದಿನ ಬೆಂಚಿನಾಗ ಕುಂತು ಪೆನ್ ಕೇಳಿ ಇಸಕೊಂಡ್ರಿ.” ಇಲಾಖಾ ಪರೀಕ್ಷೆಯ ದಿನವನ್ನು ಕರ್ತವ್ಯದ ದಿನವೆಂದೇ ಎಣಿಸಿ ಹಾಜರಿ ಹಾಕುವುದು ಪದ್ಧತಿ; ರವಿಕಾಂತನೇ ಎಷ್ಟೋ ಜನರಿಗೆ ಹಾಗೆ ಹಾಕಿದ್ದ. ಐದು ಸಲ ಬರೆದು ಐದನೆಯದಕ್ಕೆ ಪಾಸಾದವನಿಗೆ ಫೇಲಾದ ನಾಲ್ಕರ ತಾರೀಕು ನೆನಪಿರಲಿಲ್ಲ. ಅವಳ ಸೇವಾ ಪುಸ್ತಕವನ್ನು ಅವನು ನೂರು ಸಲ ತಿರುವಿ ಹಾಕಿದ್ದನಾದರೂ, ಮೊದಲ ಸಲಕ್ಕೇ ಪಾಸಾದಳೆಂದು ಬರೆದಿದ್ದ, ಪಟ್ಟಿಯಲ್ಲಿ ಅವಳನ್ನು ಅವನಿಗಿಂತ ಮುಂದೆ ಕೂರಿಸಿದ್ದ ಒಂದು ಪುಟವನ್ನು ಮಾತ್ರ ಹೊಟ್ಟೆಕಿಚ್ಚು ತಾಳಲಾರದೆ ಪ್ರತಿ ಸಲವೂ ಓದದೆ ದಾಟಿಸಿಬಿಟ್ಟಿದ್ದ. ತಾರೀಕು ಇದ್ದದ್ದು ಆ ಪುಟದಲ್ಲಿ.