ಹೊಸದು ಇಟ್ಟು ಹಳೆಯದು ಕದ್ದ ಪ್ರಕರಣ

ಮಾರ್ಚ್ ಹನ್ನೆರಡು, ಮಂಗಳವಾರ. ಬೆಳಗ್ಗೆ 10.40ಕ್ಕೆ ಲಿಫ್ಟ್ ಮೆಕ್ಯಾನಿಕ್ ಒಬ್ಬ ಠಾಣೆಗೆ ಬಂದು, ಮಡಚುವ ಚಾಕುವೊಂದನ್ನು ಮೇಜಿನ ಮೇಲಿಟ್ಟ. ಐವತ್ತರ ಆಸುಪಾಸಿನ, ದಪ್ಪ ಮೀಸೆಯ ಆಳು. ಉಗುರ ಸಂದಿಯಲ್ಲಿ ಗ್ರೀಸು.

“ನನ್ನ ಚಾಕು ಕಳುವಾಗಿದೆ,” ಅಂದ.

ಬರಹದ ಕೆಲಸ ನೋಡುವ ಹೆಡ್ ಕಾನ್‌ಸ್ಟೇಬಲ್ ಒಮ್ಮೆ ಚಾಕುವನ್ನು, ಒಮ್ಮೆ ಅವನನ್ನು ನೋಡಿದರು. ಒಂದೊಂದು ಪದವನ್ನೂ ತೂಗಿ ಬರೆಯುತ್ತಾರೆಂದು ಠಾಣೆಯಲ್ಲಿ ಅವರಿಗೆ ‘ತಕ್ಕಡಿ’ ಅಂತಲೇ ಹೆಸರು.

“ಮತ್ತೆ ಇದು?”

“ಇದು ಕಳ್ಳ ಇಟ್ಟು ಹೋಗಿದ್ದು. ಅದೇ ಮಾಡೆಲ್ಲು. ಹೊಚ್ಚ ಹೊಸದು.”

ತಕ್ಕಡಿ ಪೆನ್ನಿಗೆ ಮುಚ್ಚಳ ಹಾಕಿದರು. “ಹಳೇದು ತಗೊಂಡು ಹೊಸದು ಇಟ್ಟಿದ್ದಾನಾ? ಅಂಥವನು ಸಿಕ್ಕರೆ ನನಗೂ ಹೇಳಪ್ಪ, ನನ್ನ ಸ್ಕೂಟರನ್ನ ಅವನ ಮನೆ ಮುಂದೆ ನಿಲ್ಲಿಸಿ ಬರ್ತೀನಿ.”

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಹೊರಗೆ ಬಂದರು. ನಲವತ್ತು ದಾಟಿದ, ಮಾತು ಕಮ್ಮಿಯ ಹೆಂಗಸು. ಚಾಕುವನ್ನು ಕೈಗೆತ್ತಿಕೊಂಡು ತೆರೆಯಲು ನೋಡಿದರು. ಬಿಗಿಯಾಗಿತ್ತು.

“ಹಳೇದೇ ಯಾಕೆ ಬೇಕು?”

“ಹನ್ನೆರಡು ವರ್ಷ ಜೇಬಲ್ಲಿತ್ತು ಮೇಡಂ. ನನ್ನವಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು. ದುಬಾರಿ ಚಾಕು, ಜೋಪಾನ ಅಂದಿದ್ದಳು. ನಾನೆಲ್ಲಿ ಜೋಪಾನ ಮಾಡಿದೆ! ಕೇಬಲ್ ಸುಲಿದೆ, ರಬ್ಬರು ಕೊಯ್ದೆ, ಲಿಫ್ಟ್ ಓಡೋ ಕಂಬಿ ಮೇಲಿನ ಒಣಗಿದ ಗ್ರೀಸು ಕೆರೆದೆ. ಚಾಕುವಲ್ಲಿ ಏನೇನು ಮೀಟಬಾರದೋ ಅದನ್ನೆಲ್ಲ ಮೀಟಿದೆ. ತುದಿ ಎಳ್ಳಿನಷ್ಟು ಮುರಿದಿದ್ದು ಬಿಟ್ಟರೆ ಅದು ಜಪ್ಪಯ್ಯ ಅನ್ನಲಿಲ್ಲ. ಲಿಫ್ಟ್ ಕೆಳಗಿನ ಗುಂಡಿಗೆ ಇಳಿದರೆ ನನ್ನ ಒಂದು ಕೈ ಯಾವಾಗಲೂ ಕಂಬಿ ಹಿಡಿದಿರುತ್ತೆ. ಹಳೇದು ಹೆಬ್ಬೆರಳು ತಾಗಿದರೆ ತೆರೆದುಕೊಳ್ಳೋದು. ಇದು ಎರಡು ಕೈ ಕೇಳುತ್ತೆ.” ದನಿ ತಗ್ಗಿಸಿ ಸೇರಿಸಿದ. “ಅವಳಿಗಿನ್ನೂ ಹೇಳಿಲ್ಲ.”

ತಕ್ಕಡಿಗೆ ನಗು ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರ್ ನಗಲಿಲ್ಲ.

“ಬರೀರಿ,” ಅಂದರು. “ಹಳೇ ಚಾಕು ಮೇಲೆಲ್ಲ ಇವರ ಬೆರಳಚ್ಚು. ನಾಳೆ ಅದು ಯಾವುದಾದರೂ ಹೆಣದ ಪಕ್ಕ ಸಿಕ್ಕರೆ ಯಾರನ್ನ ಹುಡುಕಿಕೊಂಡು ಹೋಗ್ತೀವಿ?”

ಮೆಕ್ಯಾನಿಕ್ಕಿನ ಮುಖ ಬಿಳಿಚಿಕೊಂಡಿತು. 11.20ಕ್ಕೆ ಎಫ್ಐಆರ್ ದಾಖಲಾಯಿತು. ಹೊಸ ಚಾಕು ಲಕೋಟೆ ಸೇರಿತು.

ಮಧ್ಯಾಹ್ನ ಮೂರಕ್ಕೆ ಸ್ಥಳ ಪರಿಶೀಲನೆ. ಆರು ಮಹಡಿಯ ವಸತಿ ಕಟ್ಟಡ. ಶನಿವಾರ ಮೆಕ್ಯಾನಿಕ್ ಇಲ್ಲಿ ಲಿಫ್ಟಿನ ಗುಂಡಿಯೊಳಗೆ ಇಳಿದು ಕೆಲಸ ಮಾಡುವಾಗ, ಅಂದು ಜೇಬಿನಿಂದ ತೆಗೆದು ಚಾಕು ಹಾಕಿದ್ದ ಸಾಮಾನಿನ ಚೀಲ ಮೆಟ್ಟಿಲ ಕೆಳಗಿನ ಬೆಂಚಿನ ಮೇಲಿತ್ತು. ಹನ್ನೊಂದರಿಂದ ಹನ್ನೆರಡೂವರೆವರೆಗೆ. ಚಾಕು ಬದಲಾಗಿದೆಯೆಂದು ಅವನಿಗೆ ಗೊತ್ತಾಗಿದ್ದು ಸೋಮವಾರ, ಬೇರೆ ಕಟ್ಟಡದಲ್ಲಿ. ಅಲ್ಲಿಯವರೆಗೆ ಚೀಲ ಬೇರೆಲ್ಲೂ ಅವನ ಕೈ ಬಿಟ್ಟಿರಲಿಲ್ಲ.

“ಹೊರಗಿನವರು ಯಾರು ಬಂದಿದ್ದರು?” ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕೇಳಿದರು.

“ಯಾರೂ ಇಲ್ಲ. ಲಿಫ್ಟ್ ಕೆಟ್ಟಿರೋ ದಿನ ನೆಂಟರು ಕೂಡ ಬರಲ್ಲ ಮೇಡಂ.”

ಹಾಗಾದರೆ ಒಳಗಿನವರೇ. ಇನ್‌ಸ್ಪೆಕ್ಟರ್ ಮೆಕ್ಯಾನಿಕ್ ಕಡೆ ತಿರುಗಿದರು.

“ನಿಮ್ಮ ಚಾಕುನ ಇತ್ತೀಚೆಗೆ ಇಲ್ಲಿ ಯಾರಾದರೂ ಕೈಗೆ ತಗೊಂಡು ನೋಡಿದ್ರಾ?”

ಅವನು ಮೀಸೆ ಕೆರೆದುಕೊಂಡ. “ಹೋದ ತಿಂಗಳು ಒಬ್ಬರು ವಯಸ್ಸಾದ ಅಮ್ಮ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದರು. ಬಾಗಿಲ ಸಂದಿಗೆ ಚಾಕು ಹಾಕಿ ಮೀಟಿ ತೆಗೆದೆ. ಅಂಥ ಹೊತ್ತಲ್ಲಿ ಎಲ್ಲರೂ ನೀರು ಕೇಳ್ತಾರೆ. ಇವರು ಚಾಕು ಕೇಳಿದರು. ಕಿವಿ ಹತ್ತಿರ ಹಿಡಿದು ನಾಲ್ಕು ಸಲ ತೆಗೆದು ಮುಚ್ಚಿದರು. ‘ಇದನ್ನ ಬಳಸಬೇಡಪ್ಪ’ ಅಂದರು. ‘ಅಮ್ಮ, ಇದು ನನಗಿಂತ ಗಟ್ಟಿ’ ಅಂತ ನಕ್ಕುಬಿಟ್ಟೆ.”

“ಯಾವ ಮಹಡಿ?”

“ನಾಲ್ಕು.”

ತಕ್ಕಡಿ ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಇನ್‌ಸ್ಪೆಕ್ಟರ್ ತಡೆದರು. “ಕಿವಿ ಹತ್ತಿರ ಹಿಡಿದಿದ್ದು ಅಪರಾಧ ಅಲ್ಲ. ಮೊದಲು ಹೊಸ ಚಾಕು ಎಲ್ಲಿಂದ ಬಂತು ನೋಡೋಣ.”

ಬುಧವಾರ ಬೆಳಗ್ಗೆ ಚಾಕುವಿನ ಅಂಗಡಿ. ಮಾರಾಟಗಾರ ಹಿಡಿಯ ಮೇಲಿನ ಕ್ಲಿಪ್ ಬಿಚ್ಚಿ, ಕೆಳಗೆ ಕೊರೆದಿದ್ದ ಸಂಖ್ಯೆ ಓದಿದ. “ಇದು ನಾವು ಮಾರಿದ ಮಾಲಲ್ಲ. ಈ ಸಾಲಿನ ನಂಬರು ಅಂಗಡಿಗೆ ಬರೋದೇ ಇಲ್ಲ. ನಿವೃತ್ತಿ ಆಗೋ ಕೆಲಸದವರಿಗೆ ಕಾರ್ಖಾನೆಯವರು ನೆನಪಿಗೆ ಅಂತ ಕೊಡ್ತಾರೆ.”

ಅದೇ ದಿನ ಮಧ್ಯಾಹ್ನ ಎರಡಕ್ಕೆ ಕಾರ್ಖಾನೆಯ ಗುಮಾಸ್ತ ಕಡತ ತೆಗೆದು ತೋರಿಸಿದ. ಆ ಸಂಖ್ಯೆಯ ಚಾಕು ಮೊದಲು ಅಲ್ಲಿ ಚಾಕು ಜೋಡಿಸುತ್ತಿದ್ದು, ಆರು ವರ್ಷದ ಹಿಂದೆ ನಿವೃತ್ತಳಾದ ಒಬ್ಬ ಹೆಂಗಸಿಗೆ ಸೇರಿತ್ತು. ವಿಳಾಸ ಅದೇ ಕಟ್ಟಡ, ನಾಲ್ಕನೇ ಮಹಡಿ.

ಗುರುವಾರ ಬೆಳಗ್ಗೆ 11.15. ಸಾಕ್ಷಿಗೆ ಪಂಚರಾಗಿ ಕಾವಲುಗಾರ ಮತ್ತು ಎರಡನೇ ಮಹಡಿಯ ದರ್ಜಿ. ಗುರುತಿಸುವುದಕ್ಕೆ ಮೆಕ್ಯಾನಿಕ್. ಬಾಗಿಲು ತೆರೆದ ಹೆಂಗಸಿಗೆ ಅರವತ್ತಾರು ವರ್ಷ. ಸಮವಸ್ತ್ರ ನೋಡಿ ಅವರು ಗಾಬರಿಯಾಗಲಿಲ್ಲ. ಹಿಂದೆ ನಿಂತಿದ್ದ ಮೆಕ್ಯಾನಿಕ್ಕಿನ ಕೈಗಳನ್ನು ನೋಡಿದರು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕಿಟಕಿಯ ಹತ್ತಿರ ಮೇಜು. ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಚಾಕು ಬಿಡಿಬಿಡಿಯಾಗಿ ಬಿದ್ದಿತ್ತು. ಸಾಣೆಯಿಂದ ತೆಳ್ಳಗಾದ ಅಲಗು, ಹಿಡಿಯ ಎರಡು ಹೋಳು, ಎರಡು ಕಂಚಿನ ಬಿಲ್ಲೆ, ಒಂಬತ್ತು ಸ್ಕ್ರೂ.

“ಅದು ನಂದೇ,” ಅಂದ ಮೆಕ್ಯಾನಿಕ್. ಅವನ ದನಿ ಇಳಿದಿತ್ತು.

“ನೀವು ತಗೊಂಡ್ರಾ?” ಇನ್‌ಸ್ಪೆಕ್ಟರ್ ಕೇಳಿದರು.

“ಹೌದು.”

“ಯಾಕೆ?”

ಆ ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತರು. “ಇದನ್ನ ಜೋಡಿಸಿದ್ದು ನಾನು. ಕ್ಲಿಪ್ ಪಕ್ಕ ಗುರುತಿಗೆ ನಾನು ಒತ್ತಿದ ಚುಕ್ಕೆ ಇದೆ ನೋಡಿ. ಅವತ್ತು ಸದ್ದು ಕೇಳಿಯೇ ಅನುಮಾನ ಬಂತು, ಮುಟ್ಟಿ ನೋಡಿದಾಗ ಖಾತ್ರಿಯಾಯ್ತು. ಚಾಕು ತೆರೆದಾಗ ಒಳಗಿನ ಪಟ್ಟಿ ಬಂದು ಅಲಗಿನ ಹಿಂದೆ ನಿಲ್ಲುತ್ತೆ, ಮಡಚದ ಹಾಗೆ. ಆ ಪಟ್ಟಿಯನ್ನ ಅರದಲ್ಲಿ ಉಜ್ಜಿ ಕೂರಿಸೋದು ನನ್ನ ಕೆಲಸ. ಹನ್ನೊಂದು ವರ್ಷದ ಹಿಂದೆ ಒಬ್ಬರಿಗೆ ಆ ಪಟ್ಟಿ ಜಾರಿ, ಚಾಕು ಮಡಚಿ, ಎರಡು ಬೆರಳು ಹೋಯ್ತು. ನನ್ನ ಕೈ ತಪ್ಪು ಅಂದರು. ನನ್ನನ್ನ ಪ್ಯಾಕಿಂಗಿಗೆ ಹಾಕಿದರು.”

“ನಿಮ್ಮ ತಪ್ಪೇ ಆಗಿತ್ತಾ?”

“ಅದೇ ಗೊತ್ತಾಗಲಿಲ್ಲ ನೋಡಿ. ಆ ಚಾಕು ನನಗೆ ತೋರಿಸಲೇ ಇಲ್ಲ. ಅದರ ಜೊತೆ ನಾನು ಜೋಡಿಸಿದ ಇನ್ನೂ ಮೂವತ್ತೊಂಬತ್ತು ಚಾಕು ಯಾರ ಯಾರ ಕೈಲಿದೆಯೋ. ಪೇಪರಲ್ಲಿ ಬೆರಳು ಅನ್ನೋ ಪದ ಕಂಡರೆ ಎದೆ ಧಸಕ್ ಅನ್ನೋದು. ಇವರು ನನ್ನೆದುರೇ ಇದರಲ್ಲಿ ಬಾಗಿಲು ಮೀಟಿದರು. ಬೇಡ ಅಂದೆ. ನಕ್ಕರು.”

“ಬಿಚ್ಚಿ ನೋಡಿದಿರಲ್ಲ. ಹೇಗಿದೆ?”

ಅವರು ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತೋರಿಸಿದರು. “ಐದು ದಿನದಿಂದ ನೋಡ್ತಾ ಇದ್ದೀನಿ. ಕಣ್ಣಿಗೆ ಪೊರೆ ಬಂದಿದೆ. ಎಲ್ಲಾ ಮಂಜು.”

ಇನ್‌ಸ್ಪೆಕ್ಟರ್ ತಕ್ಕಡಿಯ ಕಡೆ ನೋಡಿದರು. “ಪಂಚನಾಮೆಯಲ್ಲಿ ವಸ್ತುವಿನ ಸ್ಥಿತಿ ಬರೀಬೇಕಲ್ಲ. ನೋಡಿ ಹೇಳಿ, ಎಲ್ಲರಿಗೂ ಕೇಳೋ ಹಾಗೆ.”

ತಕ್ಕಡಿ ಭೂತಗನ್ನಡಿ ಹಿಡಿದು ಅಲಗನ್ನು ಬೆಳಕಿಗೆ ಎತ್ತಿದರು.

“ಏನು ನೋಡಬೇಕಮ್ಮ?”

“ಅಲಗಿನ ಬುಡ. ಅಲ್ಲೊಂದು ಹೊಳಪಿನ ಗುರುತು ಇರುತ್ತೆ, ಪಟ್ಟಿ ಬಂದು ತಾಗೋ ಜಾಗ. ಹೊಸದರಲ್ಲಿ ಅದು ಒಂದು ಅಂಚಲ್ಲಿರುತ್ತೆ. ಸವೆದ ಹಾಗೆ ಆ ಕಡೆ ಸರೀತಾ ಹೋಗುತ್ತೆ. ಆಚೆ ಅಂಚು ಮುಟ್ಟಿದರೆ ಹಿಡಿತ ತಪ್ಪಿತು ಅಂತ ಲೆಕ್ಕ.”

“ಗುರುತು ಇದೆ.”

“ಎಲ್ಲಿವರೆಗೆ?”

ತಕ್ಕಡಿ ಅವಸರ ಮಾಡಲಿಲ್ಲ. ಜೇಬಿನಿಂದ ಸಣ್ಣ ಸ್ಕೇಲು ತೆಗೆದು ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದರು. ಆ ಹೆಂಗಸು ಅವರ ದನಿ ಬರುವ ಕಡೆಗೇ ಮುಖ ಮಾಡಿ ಕೂತಿದ್ದರು.

“ಕಾಲು ಭಾಗ. ಅದಕ್ಕೂ ಒಂದು ಕೂದಲು ಕಮ್ಮಿ.”

“ಅಂಚು ಮುಕ್ಕಾಗಿದೆಯಾ?”

“ಇಲ್ಲ.”

“ಗೀರು?”

“ಇಲ್ಲಮ್ಮ. ಕನ್ನಡಿ ಹಾಗಿದೆ.”

ಆ ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ದರ್ಜಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದಿಟ್ಟ.

“ಹನ್ನೆರಡು ವರ್ಷ ಇವರು ಬಳಸಿದ ಹಾಗೆ ಬಳಸಿ, ಕಾಲು ಭಾಗ,” ಅಂದರು ಅವರು, ತಮಗೆ ತಾವೇ.

“ಬೆರಳು ತೆಗೆದ ಆ ಚಾಕುವಿನ ವಿಚಾರ ನನಗೆ ಗೊತ್ತಿಲ್ಲ,” ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು. “ಇದಂತೂ ಗಟ್ಟಿಯಾಗಿದೆ. ಅಷ್ಟನ್ನ ಸಹಿ ಹಾಕಿ ಕೊಡಬಲ್ಲೆ.”

“ಅಷ್ಟು ಸಾಕು.”

ಮೆಕ್ಯಾನಿಕ್ ಮುಂದೆ ಬಂದ. “ಮೇಡಂ, ನಾನು ದೂರು ವಾಪಸ್ ತಗೋತೀನಿ.”

“ಎಫ್ಐಆರ್ ಆಗಿದೆ. ವಾಪಸ್ ತಗೊಳ್ಳೋದು ಕೋರ್ಟಲ್ಲಿ. ಕೇಳದೆ ತಗೊಂಡಿದ್ದು ಕಳವೇ.”

“ಹೌದು, ತಪ್ಪು ತಪ್ಪೇ,” ಅಂದರು ಆ ಹೆಂಗಸು, ಏಳುತ್ತಾ. “ಬರ್ತೀನಿ. ಗಿಡಕ್ಕೆ ನೀರು ಹಾಕಿಬಿಡ್ತೀನಿ, ಎರಡು ನಿಮಿಷ.”

ಇನ್‌ಸ್ಪೆಕ್ಟರ್ ಕಾದರು. ಮಧ್ಯಾಹ್ನ 12.50ಕ್ಕೆ ಬಂಧನ ದಾಖಲಾಯಿತು. ಚಾಕುವಿನ ಭಾಗಗಳು ಎಣಿಕೆಯಾಗಿ ಮೊಹರಾದವು. ಲಿಫ್ಟಿನಲ್ಲಿ ಇಳಿಯುವಾಗ ಮೆಕ್ಯಾನಿಕ್ ಅವರ ಪಕ್ಕದಲ್ಲೇ ನಿಂತಿದ್ದ. “ಅವತ್ತು ನಗಬಾರದಿತ್ತಮ್ಮ,” ಅಂದ. ಅವರು ಅವನ ತೋಳು ತಟ್ಟಿದರು.

ಠಾಣೆಯಲ್ಲಿ ಜಾಮೀನಿನ ಕಾಗದ ತಯಾರಾಯಿತು.

“ನಿಮ್ಮ ಕಡೆಯವರು ಯಾರಾದರೂ ಇದ್ದಾರಾ?” ತಕ್ಕಡಿ ಕೇಳಿದರು. “ಅಣ್ಣ, ತಮ್ಮ, ಮಕ್ಕಳು?”

“ತಂಗಿ ಇದ್ದಾಳೆ. ಬಂದು ಸೇರೋದಕ್ಕೆ ಒಂದು ದಿನ ಬೇಕು.”

“ನಾನು ಹಾಕ್ತೀನಿ,” ಅಂದ ಮೆಕ್ಯಾನಿಕ್.

“ನೀನು ದೂರುದಾರ ಕಣಪ್ಪ.”

“ದೂರುದಾರ ಜಾಮೀನು ಹಾಕಬಾರದು ಅಂತ ಎಲ್ಲಿ ಬರೆದಿದೆ?”

ತಕ್ಕಡಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಇನ್‌ಸ್ಪೆಕ್ಟರ್, “ನಾನು ಓದಿದ ಪುಸ್ತಕದಲ್ಲಂತೂ ಇಲ್ಲ,” ಅಂದರು. ಮೆಕ್ಯಾನಿಕ್ ಸಹಿ ಹಾಕಿದ. ಆಮೇಲೆ ಮೂಲೆಗೆ ಹೋಗಿ ಮನೆಗೆ ಫೋನು ಮಾಡಿದ. “ಒಂದು ವಿಷಯ ಹೇಳಬೇಕು, ಬೈಯಬೇಡ. ಅದಿರಲಿ, ಮೊದಲು ಇದು ಕೇಳು. ಸಂಜೆ ಊಟಕ್ಕೆ ಒಬ್ಬರನ್ನ ಕರ್ಕೊಂಡು ಬರ್ತೀನಿ.”

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆದರು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಇಷ್ಟು ಬರೆದರು: ತಾನು ಮಾಡಿದ ವಸ್ತುವಿನಿಂದ ಇನ್ನೊಬ್ಬರ ಕೈಗೆ ಪೆಟ್ಟಾದೀತೆಂದು ಆರೋಪಿ ಹನ್ನೊಂದು ವರ್ಷ ಹೆದರಿದ್ದರು, ತನ್ನ ಬಳಿ ಇದ್ದ ಒಂದೇ ಒಂದು ಒಳ್ಳೆಯ ಚಾಕುವನ್ನು ಕೊಟ್ಟು, ಇನ್ನೊಬ್ಬರ ಜೇಬಿನಲ್ಲಿದ್ದ ಆ ಹೆದರಿಕೆಯನ್ನು ತನ್ನ ಮನೆಗೆ ತಂದಿಟ್ಟುಕೊಂಡರು.