ಇಸೊಬೆಲ್ ಬಿಗಿದ ಹುರಿ

“ಆ ಹುರಿಗೆ ಕೈ ಹಾಕಬೇಡಿ,” ಎಂದಳು ಮುದುಕಿ ವಿನಿಫ್ರೆಡ್ ಟ್ರಾಸ್ಕ್. “ಮೂರನ್ನೂ ಒಟ್ಟಿಗೆ ಅಚ್ಚು ಹಾಕಿಸ್ತೀನಿ ಅಂತ ಮಾತು ಕೊಡಿ, ನಾನೇ ಬಿಚ್ಚಿ ಕೊಡ್ತೀನಿ. ಇಲ್ಲಾಂದ್ರೆ ಬಂದ ದೋಣೀಲೇ ವಾಪಸ್ ಹೋಗಿ.”

ಗ್ರೇಡನ್ ಹಾಲ್ಸ್ ನಕ್ಕ. ಟೊರಾಂಟೊದ ಪ್ರಕಾಶಕರು ಅವನನ್ನು ಫಂಡಿ ಕೊಲ್ಲಿಯ ಈ ದ್ವೀಪಕ್ಕೆ ಅಟ್ಟಿದ್ದು, ತೀರಿಹೋದ ಲೇಖಕಿ, ವಿನಿಫ್ರೆಡ್‌ಳ ಅತ್ತೆ ಇಸೊಬೆಲ್ ಟ್ರಾಸ್ಕಳ ಪತ್ತೇದಾರಿ ಕಾದಂಬರಿಗಾಗಿ. ಮೇಜಿನ ಮೇಲೆ ಅದರ ಜೊತೆಗೆ ಅವಳ ಕವನ ಸಂಕಲನವೊಂದು, ನಕ್ಷತ್ರಗಳಾಚೆ ಹೋದವರ ಬಗ್ಗೆ ಬರೆದ ವೈಜ್ಞಾನಿಕ ಕಾದಂಬರಿಯೊಂದು ಇದ್ದವು. ಮೂರನ್ನೂ ಸೇರಿಸಿ ಡಾಂಬರು ಬಳಿದ ಬಲೆಯ ಹುರಿಯಿಂದ ಬಿಗಿಯಲಾಗಿತ್ತು. ಗಂಟುಗಳ ನಡುವೆ ನರೆತ ಕೂದಲನ್ನು ಹೆಣೆದಿದ್ದರು. ಅದರ ಮೇಲೆ ಮೀನಿನ ರಕ್ತ ಒಣಗಿ ಕರ್ರಗಾಗಿತ್ತು.

“ನಿಮ್ಮ ಅತ್ತೆ ಮಾಟಗಾತಿನಾ?”

“ಅವಳ ಅಜ್ಜಿ ಹುರಿ ಗಂಟಲ್ಲಿ ಗಾಳಿ ಕಟ್ಟಿ ಮೀನುಗಾರರಿಗೆ ಕೊಡ್ತಿದ್ಲು, ಗಂಟು ಬಿಚ್ಚಿದ್ರೆ ಗಾಳಿ ಬೀಸೋದು. ಅತ್ತೆ ಕಲಿತಿದ್ದು ಅವಳ ಹತ್ರಾನೇ.” ವಿನಿಫ್ರೆಡ್ ದನಿ ತಗ್ಗಿಸಿದಳು. “ಹಿಂದಿನ ಪ್ರಕಾಶಕ ಅವಳ ಹಳೇ ಕೊಲೆ ಕತೆಗಳನ್ನ ಮಾತ್ರ ಮಾರಿದ. ಮಿಕ್ಕಿದ್ದನ್ನೆಲ್ಲ ಸುಟ್ಟ. ಉಳಿದಿರೋದು ಈ ಒಂದೊಂದೇ ಪ್ರತಿ. ನನ್ನನ್ನ ಮೂರು ತುಂಡು ಮಾಡಿದ್ರು ಕಣೇ ಅಂತ ಹೇಳಿ ಸಾಯೋವಾಗ ಈ ಗಂಟು ಹಾಕಿದ್ಲು. ಇವನ್ನ ಬೇರೆ ಮಾಡಿದವನ ಉಸಿರು ತಗೋತೀನಿ ಅಂದ್ಲು.”

“ಓದೋರು ಸಿಗದೇ ಇದ್ರೆ ಕವಿಗಳೆಲ್ಲ ಹೀಗೇ ಶಾಪ ಹಾಕ್ತಾರೆ, ಬಿಡಿ.”

ಅವಳು ನಗಲಿಲ್ಲ. ಮೀನನ್ನು ಹೊಗೆಯಲ್ಲಿ ಒಣಗಿಸುವ ಕೊಟ್ಟಿಗೆಯಲ್ಲಿ ಬೆಂಕಿ ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋದಳು. ಮಧ್ಯಾಹ್ನವಾದರೂ ಕಿಟಕಿಯಾಚೆ ಮಂಜು ಗೋಡೆಯಂತೆ ನಿಂತಿತ್ತು. ದೂರದಲ್ಲಿ, ಮಂಜಿನಲ್ಲಿ ದೋಣಿಗಳನ್ನು ಎಚ್ಚರಿಸುವ ದೀಪಸ್ತಂಭದ ಕೊಂಬು ಗೂಳಿಯಂತೆ ಮುಲುಗುತ್ತಿತ್ತು.

ಗ್ರೇಡನ್ ಲೆಕ್ಕ ಹಾಕಿದ. ಕವಿತೆ ಯಾರಿಗೂ ಬೇಡ. ಅದು ಇಲ್ಲವಾದರೆ ಮೂರೂ ಒಟ್ಟಿಗೆ ಎಂಬ ಹಟವೂ ಇಲ್ಲ. ಒಲೆಯ ಕಿಡಿ ಸಿಡಿಯಿತು ಎಂದರಾಯಿತು, ಮುದುಕಿ ಅತ್ತು ಸುಮ್ಮನಾಗುತ್ತಾಳೆ. ಅವನು ಜೇಬಿನ ಚಾಕು ತೆಗೆದು ಹುರಿಯನ್ನು ಕತ್ತರಿಸಿದ. ಒಲೆಯ ಬಾಗಿಲು ತೆರೆದು ಕವನ ಸಂಕಲನವನ್ನು ಒಳಗೆ ತಳ್ಳಿದ.

ಹಾಳೆಗಳು ಬೇಗ ಹೊತ್ತಲಿಲ್ಲ. ಮೊದಲು ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಕೊಳೆತ ಕಡಲಪಾಚಿಯ ನಾತ. ಒಲೆಯೊಳಗೆ ಯಾರೋ ಗುನುಗಿದಂತಾಯಿತು. ಅವನು ಸಲಾಕೆಯಿಂದ ಇನ್ನಷ್ಟು ಆಳಕ್ಕೆ ತಿವಿದ. ಹಾಳೆಗಳು ಭಗ್ಗೆಂದವು.

ಕೊಂಬಿನ ಸದ್ದು ನಡುವೆಯೇ ನಿಂತಿತು.

ಕೋಣೆ ಕತ್ತಲಾಯಿತು. ಬೂದಿ ಮೇಲೆದ್ದಿತು. ಒಲೆ ಮುಚ್ಚಿದ. ಬೂದಿ ನಿಲ್ಲಲಿಲ್ಲ. ಮೂಗಿಗೆ ಬಂತು. ಬಾಯಿಗೆ ಬಂತು. ಬಾಗಿಲಿನ ಹಿಡಿ ಹಿಡಿದ. ಹಿಡಿ ಒದ್ದೆಯಾಗಿತ್ತು, ತಣ್ಣಗಿತ್ತು, ಯಾರದೋ ಬೆರಳುಗಳಂತೆ ಅವನ ಕೈಯನ್ನು ಸುತ್ತಿಕೊಂಡಿತು. ಕಿವಿಯ ಹತ್ತಿರ ಹೆಂಗಸೊಬ್ಬಳು ಉಸಿರೆಳೆದಳು. ಅವಳು ಎಳೆದಷ್ಟೂ ಅವನದು ಕಡಿಮೆಯಾಯಿತು. ಮಂಡಿಯೂರಿದ. ಕೂಗಿದ. ಸದ್ದಿಲ್ಲ. ನೆಲಕ್ಕೆ ಬಿದ್ದ.

ಬಾಗಿಲು ತೆರೆಯಿತು. ವಿನಿಫ್ರೆಡ್ ತುಂಡಾದ ಹುರಿಯನ್ನು ನೋಡಿದಳು, ಒಲೆಯನ್ನು ನೋಡಿದಳು.

“ಯಾವುದನ್ನ ಸುಟ್ಟೆ? ಪದ್ಯಾನಾ?”

ಅವನು ಹೌದೆಂದು ತಲೆ ಆಡಿಸಿದ. ತುಟಿಗಳು ನೀಲಿಗಟ್ಟಿದ್ದವು. ಅವಳು ಕೈಕಟ್ಟಿ ನಿಂತೇ ಇದ್ದಳು. ಅವಳ ಮುಖದಲ್ಲಿ ಕರುಣೆಯ ಸುಳಿವಿರಲಿಲ್ಲ.

“ಸಾಯಲಿ ಅಂತ ಬಿಡ್ತಿದ್ದೆ,” ಎಂದಳು ಕೊನೆಗೆ. “ಆದ್ರೆ ಅತ್ತೆ ಪದ್ಯ ಬೂದಿಯಾಗಿ ಈಗ ನಿನ್ನ ಹೊಟ್ಟೇಲಿದೆ. ನೀನು ಹೋದ್ರೆ ಅದೂ ಹೋಗತ್ತೆ.”

ಉಳಿದ ಎರಡು ಪುಸ್ತಕಗಳನ್ನು ಅದೇ ಹುರಿಯಿಂದ ಬಿಗಿದಳು. ಮಿಕ್ಕ ತುದಿಯನ್ನು ಅವನ ಮಣಿಕಟ್ಟಿಗೆ ಸುತ್ತಿದಳು. ಅವನ ತಲೆಯಿಂದ ಒಂದು ಹಿಡಿ ಕೂದಲು ಕಿತ್ತು ಗಂಟಿನೊಳಗೆ ಹೆಣೆದಳು. ಅವನಿಗೆ ಉಸಿರು ಬಂತು. ಉಸಿರಿನ ಜೊತೆಗೆ ಇಸೊಬೆಲ್ಲಳ ಮೊದಲ ಪದ್ಯವೂ ಬಂತು.

ಆಮೇಲೆ ಅವಳ ಪದ್ಯಗಳಲ್ಲದೆ ಅವನಿಂದ ಬೇರೆ ಮಾತು ಹೊರಡಲಿಲ್ಲ. ಹೊಸ್ತಿಲು ದಾಟಿದರೆ ಉಸಿರು ಕಟ್ಟುತ್ತಿತ್ತು. ಕರೆದೊಯ್ಯಲು ಬಂದ ದೋಣಿಯವರು ಅವನ ನೀಲಿ ಮುಖ ನೋಡಿ ಒಳಕ್ಕೆ ತಂದು ಮಲಗಿಸಿ, ತಿರುಗಿ ನೋಡದೆ ಹೋದರು.

ಒಂದು ವಾರದೊಳಗೆ ಅವನ ಹೆಂಡತಿ ಡೆಲ್ಫಿನ್ ಬಂದಳು. ಅಡುಗೆಮನೆಯ ಚಾಕು ಎತ್ತಿಕೊಂಡು ಹುರಿಯತ್ತ ಬಾಗಿದಳು.

“ಕತ್ತರಿಸು ತಾಯಿ, ನಾನು ತಡೆಯಲ್ಲ,” ಎಂದಳು ವಿನಿಫ್ರೆಡ್. “ಉಸಿರು ನಿಂತ ಮೇಲೆ ನನ್ನನ್ನ ಬೈಬೇಡ.”

ಡೆಲ್ಫಿನ್ ಚಾಕು ಕೆಳಗಿಟ್ಟಳು. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ಗ್ರೇಡನ್, ನನ್ನ ಹೆಸರು ಹೇಳು. ಒಂದು ಸಲ ಹೇಳು ಸಾಕು.”

ಅವನ ಕಣ್ಣಿಂದ ನೀರು ಸುರಿಯಿತು. ಬಾಯಿ ತೆರೆಯಿತು.

“ಅಲೆಗೆ ಕಣ್ಣಿಲ್ಲ,” ಎಂದ, “ಆದರೂ ನನ್ನ ಮನೆ ಹುಡುಕಿ ಬಂತು.”

ಅವಳು ಅಂಗೈಯಿಂದ ಅವನ ಬಾಯನ್ನು ಒತ್ತಿ ಮುಚ್ಚಿದಳು. ಅಂಗೈಯ ಕೆಳಗೆ ತುಟಿಗಳು ಆಡುತ್ತಲೇ ಇದ್ದವು.